ನಳದ ನೀರಿನ ಒತ್ತಡ ಕುಸಿದಾಗ: ಕಾರಣ ಪತ್ತೆ ಮತ್ತು ಮರುಸ್ಥಾಪನೆಯ ಕ್ರಮ

ಗ್ರಾಮ ಪಂಚಾಯತಿಗಳ ಸಾಮಾನ್ಯ ಸಭೆಗಳಲ್ಲಿಯೂ ಗ್ರಾಮಸಭೆಗಳಲ್ಲಿಯೂ ಮೇಲಿಂದ ಮೇಲೆ ಕೇಳಿಬರುವ ದೂರೊಂದಿದೆ: ನಳವಿದೆ, ತೊಟ್ಟಿ ತುಂಬಿದೆ, ಮೋಟಾರು ನಡೆಯುತ್ತಿದೆ, ಆದರೂ ಓಣಿಯ ಕೊನೆಯ ಮನೆಗಳಿಗೆ ನೀರು ಬರುತ್ತಿಲ್ಲ. ಈ ದೂರಿಗೆ ಸಭೆಯಲ್ಲಿ ಸಾಮಾನ್ಯವಾಗಿ ಎರಡು ಪರಿಹಾರಗಳು ಸೂಚಿತವಾಗುತ್ತವೆ. ಒಂದು, ಹೊಸ ಕೊಳವೆಬಾವಿ ಕೊರೆಯಿಸುವುದು. ಇನ್ನೊಂದು, ಹೆಚ್ಚಿನ ಎಚ್.ಪಿ.ಯ ಮೋಟಾರು ಅಳವಡಿಸುವುದು. ಜಲಮೂಲವೇ ಬತ್ತಿದ ಸಂದರ್ಭದಲ್ಲಿ ಇವು ಅಗತ್ಯವಾಗಬಹುದು. ಆದರೆ ತೊಟ್ಟಿಯಲ್ಲಿ ನೀರಿದ್ದೂ ನಳದಲ್ಲಿ ಬಾರದಿದ್ದರೆ ಅಲ್ಲಿರುವುದು ನೀರಿನ ಕೊರತೆಯಲ್ಲ, ಒತ್ತಡದ ಕೊರತೆ. ಒತ್ತಡದ ಕೊರತೆಯನ್ನು ಹೊಸ ಕೊಳವೆಬಾವಿಯು ನೀಗಿಸುವುದಿಲ್ಲ.

ದೇಗಾಂವ, ಕಿತ್ತೂರು ಭಾಗದ ಊರುಗಳ ನೆಲ ಏರುತಗ್ಗಿನದು. ಅಲ್ಲಿಂದ ಮೂಡಣಕ್ಕೆ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಕಡೆಗೆ ಸಾಗಿದಂತೆ ಮಸಾರಿ ಭೂಮಿಯ ಜೊತೆಗೆ ವಿಶಾಲವಾದ ಎರೆ ಭೂಮಿಯೂ ಎದುರಾಗುತ್ತದೆ. ಏರುತಗ್ಗಿನ ಊರಿನಲ್ಲಿ ಒತ್ತಡ ಕುಸಿಯುವ ಬಗೆ ಒಂದಾದರೆ, ಎರೆ ನೆಲದ ಊರಿನಲ್ಲಿ ಅದು ಕುಸಿಯುವ ಬಗೆ ಮತ್ತೊಂದು. ಎರಡೂ ಕಡೆ ಅನ್ವಯಿಸುವಂತೆ ಕಾರಣ ಪತ್ತೆಯ ವಿಧಾನ, ಒತ್ತಡವನ್ನು ಮರಳಿ ತರುವ ಕ್ರಮ ಹಾಗೂ ಈ ವಿಷಯದಲ್ಲಿ ಸದಸ್ಯರ ಪಾತ್ರವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒತ್ತಡವೆಂದರೆ ಎತ್ತರ

ನೀರಿನ ಒತ್ತಡವು ತೊಟ್ಟಿಯ ಗಾತ್ರವನ್ನು ಅವಲಂಬಿಸಿಲ್ಲ. ತೊಟ್ಟಿಯಲ್ಲಿನ ನೀರಿನ ಮಟ್ಟವು ನಳಕ್ಕಿಂತ ಎಷ್ಟು ಮೇಲಿದೆ ಎಂಬುದನ್ನು ಮಾತ್ರ ಅವಲಂಬಿಸಿದೆ. 10 ಮೀಟರ್ ಎತ್ತರದ ನೀರಿನ ಕಂಬವು ಪ್ರತಿ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 1 ಕಿಲೋಗ್ರಾಂ ಒತ್ತಡವನ್ನು ಉಂಟುಮಾಡುತ್ತದೆ. ಆದ್ದರಿಂದಲೇ ಎಂಜಿನಿಯರುಗಳು ಒತ್ತಡವನ್ನು ‘ಇಷ್ಟು ಮೀಟರ್’ ಎಂದೇ ಹೇಳುವ ರೂಢಿ. 50,000 ಲೀಟರಿನ ತೊಟ್ಟಿಯೂ 25,000 ಲೀಟರಿನ ತೊಟ್ಟಿಯೂ ಒಂದೇ ಎತ್ತರದಲ್ಲಿದ್ದರೆ ಅವು ಕೊಡುವ ಒತ್ತಡವೂ ಒಂದೇ. ಹೀಗಾಗಿ ‘ದೊಡ್ಡ ತೊಟ್ಟಿ ಕಟ್ಟಿಸಿದರೆ ನೀರು ಜೋರಾಗಿ ಬರುತ್ತದೆ’ ಎಂಬ ತಿಳಿವಳಿಕೆ ಸರಿಯಲ್ಲ.

ನಳಗಳೆಲ್ಲ ಮುಚ್ಚಿರುವಾಗ ಈ ಒತ್ತಡ ಪೂರ್ಣವಾಗಿ ಲಭ್ಯವಿರುತ್ತದೆ. ನೀರು ಹರಿಯತೊಡಗಿದ ಕೂಡಲೇ ಪೈಪಿನ ಒಳಮೈಯ ಘರ್ಷಣೆಯಿಂದ ಅದರ ಒಂದು ಭಾಗ ವ್ಯಯವಾಗುತ್ತದೆ. ವ್ಯಯವಾದ ನಂತರ ಮನೆಯ ನಳದಲ್ಲಿ ಉಳಿಯುವುದೇ ಬಳಕೆದಾರನಿಗೆ ದೊರೆಯುವ ಒತ್ತಡ. ಕೇಂದ್ರ ಸರ್ಕಾರದ ನಗರ ನೀರು ಪೂರೈಕೆ ಕೈಪಿಡಿಯ 1999ರ ಆವೃತ್ತಿಯು ಒಂದಂತಸ್ತಿನ ಮನೆಗಳಿರುವಲ್ಲಿ ಕನಿಷ್ಠ 7 ಮೀಟರ್, ಎರಡಂತಸ್ತಿನ ಮನೆಗಳಿರುವಲ್ಲಿ 12 ಮೀಟರ್ ಒತ್ತಡ ಉಳಿದಿರಬೇಕೆಂದು ಸೂಚಿಸಿತ್ತು. ಗ್ರಾಮೀಣ ಯೋಜನೆಗಳ ವಿನ್ಯಾಸ ಇದಕ್ಕಿಂತ ಭಿನ್ನವಾಗಿರಬಹುದು. ಆದರೂ ಹೋಲಿಕೆಗೆ ಇದು ಉಪಯುಕ್ತ ಅಳತೆಗೋಲು.

ಘರ್ಷಣೆಯ ನಷ್ಟದ ಕುರಿತು ಎರಡು ಸಂಗತಿಗಳನ್ನು ಸದಸ್ಯರು ನೆನಪಿನಲ್ಲಿಡುವುದು ಒಳಿತು. ಮೊದಲನೆಯದು, ಅದೇ ಪೈಪಿನಲ್ಲಿ ಹರಿವು ಎರಡು ಪಟ್ಟಾದರೆ ನಷ್ಟವು ಎರಡು ಪಟ್ಟಾಗದೆ ಸುಮಾರು ಮೂರೂವರೆ ಪಟ್ಟಾಗುತ್ತದೆ. ಎರಡನೆಯದು, ಅದೇ ಹರಿವಿಗೆ ಪೈಪಿನ ಒಳವ್ಯಾಸ ಅರ್ಧವಾದರೆ ನಷ್ಟವು 29 ಪಟ್ಟಿನಷ್ಟಾಗುತ್ತದೆ. ಊರು ಬೆಳೆದಂತೆ ಸಣ್ಣ ಪೈಪಿನ ತುದಿಗೆ ಇನ್ನಷ್ಟು ಸಣ್ಣ ಪೈಪನ್ನು ಜೋಡಿಸುತ್ತ ಹೋದರೆ ಏನಾಗುತ್ತದೆ ಎಂಬುದು ಇದರಿಂದಲೇ ಸ್ಪಷ್ಟ.

ಒಂದು ಕೇರಿಯ ಲೆಕ್ಕ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಒಂದು ಊರಿನ ತೊಟ್ಟಿಯ ತಳ ನೆಲದಿಂದ 12 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ 63 ಮಿಲಿಮೀಟರ್ ಹೊರವ್ಯಾಸದ ಎಚ್.ಡಿ.ಪಿ.ಇ. ಪೈಪು 400 ಮೀಟರ್ ಸಾಗಿ 80 ಮನೆಗಳ ಒಂದು ಕೇರಿಯನ್ನು ತಲುಪುತ್ತದೆ. ಜಲ ಜೀವನ ಮಿಷನ್ ಮಾನದಂಡದಂತೆ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್. ಐವರ ಮನೆಗೆ 275 ಲೀಟರ್. 80 ಮನೆಗಳಿಗೆ 22,000 ಲೀಟರ್.

ಈ 22,000 ಲೀಟರನ್ನು 2 ಗಂಟೆಯಲ್ಲಿ ಬಿಡಬೇಕಾದರೆ ಸೆಕೆಂಡಿಗೆ 3 ಲೀಟರ್ ಹರಿಯಬೇಕು. ಆಗ ಪೈಪಿನಲ್ಲಿ ಆಗುವ ನಷ್ಟ ಸುಮಾರು 13 ಮೀಟರ್. ತೊಟ್ಟಿ ಕೊಡಬಲ್ಲದ್ದು 12 ಮೀಟರ್ ಮಾತ್ರ. ಎಂದರೆ ಅಷ್ಟು ನೀರು ಆ ಅವಧಿಯಲ್ಲಿ ಆ ಕೇರಿಯನ್ನು ತಲುಪುವುದು ಸಾಧ್ಯವೇ ಇಲ್ಲ. ಮೊದಲ ಮನೆಗಳು ತುಂಬಿಕೊಳ್ಳುತ್ತವೆ, ಕೊನೆಯವು ಕಾಯುತ್ತವೆ.

ಅದೇ ನೀರನ್ನು 3 ಗಂಟೆ ಬಿಟ್ಟರೆ ಹರಿವು ಸೆಕೆಂಡಿಗೆ 2 ಲೀಟರ್, ನಷ್ಟ ಸುಮಾರು 6 ಮೀಟರ್. ಕೇರಿಯನ್ನು ತಲುಪುವಾಗ ಉಳಿಯುವುದು 6 ಮೀಟರ್. 6 ಗಂಟೆ ಬಿಟ್ಟರೆ ಹರಿವು ಸೆಕೆಂಡಿಗೆ 1 ಲೀಟರ್, ನಷ್ಟ 2 ಮೀಟರಿಗೂ ಕಡಿಮೆ. ಉಳಿಯುವುದು 10 ಮೀಟರ್. ನೀರಿನ ಪ್ರಮಾಣ ಒಂದೇ, ಪೈಪು ಒಂದೇ, ತೊಟ್ಟಿ ಒಂದೇ. ಬದಲಾದದ್ದು ಅವಧಿ ಮಾತ್ರ. ಕೇರಿಯು ತೊಟ್ಟಿಯ ಬುಡಕ್ಕಿಂತ 4 ಮೀಟರ್ ಎತ್ತರದ ದಿಬ್ಬದಲ್ಲಿದ್ದರೆ ಪ್ರತಿ ಸಂದರ್ಭದಲ್ಲಿಯೂ ಇನ್ನೂ 4 ಮೀಟರ್ ಕಳೆಯಬೇಕು. ಆಗ 3 ಗಂಟೆಯ ಪೂರೈಕೆಯಲ್ಲಿ ಉಳಿಯುವುದು ಕೇವಲ 2 ಮೀಟರ್. 6 ಗಂಟೆಯದರಲ್ಲಿ 6 ಮೀಟರ್.

ನೀರನ್ನು ಉಳಿಸುವ ಸದುದ್ದೇಶದಿಂದ ಪೂರೈಕೆಯ ವೇಳೆಯನ್ನು ಮೊಟಕುಗೊಳಿಸಿದಾಗ ಎಲ್ಲ ಮನೆಗಳೂ ಏಕಕಾಲಕ್ಕೆ ನಳ ತಿರುಗಿಸುತ್ತವೆ, ಒತ್ತಡ ಕುಸಿಯುತ್ತದೆ, ನಷ್ಟ ಅನುಭವಿಸುವುದು ತುದಿಯ ಮನೆಗಳು. ಹಲವು ಊರುಗಳಲ್ಲಿ ತುದಿಯ ಮನೆಗಳೆಂದರೆ ಊರ ಹೊರಭಾಗದ ಕೇರಿಗಳು, ಆಶ್ರಯ ಬಡಾವಣೆಗಳು, ತೋಟದ ಬದಿಯ ಕೂಲಿಕಾರರ ಮನೆಗಳು. ಅಲ್ಲಿಗೆ ನೀರು ಬಾರದ ದಿನ ಕೊಡ ಹೊತ್ತು ನಡೆಯುವವರು ಹೆಣ್ಣುಮಕ್ಕಳು. ಆದ್ದರಿಂದ ಒತ್ತಡದ ಪ್ರಶ್ನೆ ಬರಿಯ ಪೈಪಿನ ಪ್ರಶ್ನೆಯಲ್ಲ, ಸಮಪಾಲಿನ ಪ್ರಶ್ನೆ.

ಹಳೆಯ ಜಾಲ, ಹೊಸ ಸಂಪರ್ಕ

ಗ್ರಾಮೀಣ ನೀರು ಪೂರೈಕೆಯ ಹಿಂದಿನ ಮಾನದಂಡವು ಪ್ರತಿ ವ್ಯಕ್ತಿಗೆ ದಿನಕ್ಕೆ 40 ಲೀಟರ್ ಹಾಗೂ 250 ಜನರಿಗೆ ಒಂದು ಸಾರ್ವಜನಿಕ ನಳ ಎಂಬ ಲೆಕ್ಕದ್ದಾಗಿತ್ತು. 2019ರ ಆಗಸ್ಟ್ 15ರಂದು ಘೋಷಿತವಾದ ಜಲ ಜೀವನ ಮಿಷನ್ ಪ್ರತಿ ಮನೆಗೂ ಕಾರ್ಯನಿರತ ನಳ ಸಂಪರ್ಕವನ್ನು ಗುರಿಯಾಗಿಸಿಕೊಂಡಿತು. ರಾಜ್ಯದಲ್ಲಿ ಇದು ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಜಾರಿಗೊಂಡಿತು. ಬೀದಿಗೊಂದು ನಳವಿದ್ದ ಜಾಲದಿಂದ ಮನೆಗೊಂದು ನಳವಿರುವ ಜಾಲಕ್ಕೆ ಬಂದಾಗ ಏಕಕಾಲದಲ್ಲಿ ತೆರೆದುಕೊಳ್ಳುವ ಬಾಯಿಗಳ ಸಂಖ್ಯೆ ಹಲವು ಪಟ್ಟು ಹೆಚ್ಚುತ್ತದೆ. ಹಳೆಯ ಪೈಪನ್ನು ಉಳಿಸಿಕೊಂಡು ಹೊಸ ಸಂಪರ್ಕಗಳನ್ನು ಕೊಟ್ಟಿರುವ ಕಡೆಗಳಲ್ಲಿ ಒತ್ತಡದ ದೂರು ಏಳುವುದು ಸಹಜ. ಮಂಜೂರಾತಿಯಿಲ್ಲದ ಸಂಪರ್ಕಗಳು ಸೇರಿಕೊಂಡರಂತೂ ವಿನ್ಯಾಸದ ಲೆಕ್ಕವೇ ತಪ್ಪುತ್ತದೆ.

ಮೊದಲು ಅಳತೆ, ನಂತರ ವೆಚ್ಚ

ಶೀತ ದೇಶಗಳಲ್ಲಿ ಮನೆಯನ್ನು ಬೆಚ್ಚಗಿಡಲು ಬಾಯ್ಲರಿನಿಂದ ಬಿಸಿನೀರನ್ನು ಕೋಣೆಕೋಣೆಗೆ ಪೈಪಿನ ಮೂಲಕ ಸುತ್ತಿಸುವ ಏರ್ಪಾಡು ಸಾಮಾನ್ಯ. ಆ ಬಾಯ್ಲರಿನ ಮುಂಭಾಗದಲ್ಲಿ ಒಂದು ಪ್ರೆಶರ್ ಗೇಜ್ ಇರುತ್ತದೆ. ಯಂತ್ರ ತಣ್ಣಗಿರುವಾಗ ಅದರ ಮುಳ್ಳು ಸಾಮಾನ್ಯವಾಗಿ 1ರಿಂದ 1.5 ಬಾರ್, ಅಂದರೆ ಸುಮಾರು 10ರಿಂದ 15 ಮೀಟರ್ ತೋರಿಸಬೇಕು. ಮುಳ್ಳು ಇಳಿದರೆ ಮನೆಯವರೇ ಒಂದು ವಾಲ್ವ್ ತಿರುಗಿಸಿ ನೀರು ತುಂಬಿ, ಮುಳ್ಳು ಸ್ಥಾನಕ್ಕೆ ಬಂದೊಡನೆ ಮುಚ್ಚುತ್ತಾರೆ. ಪೈಪಿನಲ್ಲಿ ಸಿಲುಕಿದ ಗಾಳಿಯನ್ನು ಹೊರಬಿಡುತ್ತಾರೆ. ಮುಳ್ಳು ಪದೇ ಪದೇ ಇಳಿಯುತ್ತಿದ್ದರೆ ಮತ್ತೆ ಮತ್ತೆ ತುಂಬುವುದು ಪರಿಹಾರವಲ್ಲ, ಸೋರಿಕೆಯನ್ನು ಹುಡುಕಬೇಕು ಎಂಬುದು ಅಲ್ಲಿನ ಸಾಮಾನ್ಯ ತಿಳಿವಳಿಕೆ. ಗೇಜ್ ನೋಡುವುದು, ಗಾಳಿ ಬಿಡುವುದು, ಸೋರಿಕೆ ಹುಡುಕುವುದು: ಇದೇ ಕ್ರಮ ಊರಿನ ನೀರು ಪೂರೈಕೆಗೂ ಅನ್ವಯಿಸುತ್ತದೆ. ವ್ಯತ್ಯಾಸವೆಂದರೆ ಊರಿನ ಪೈಪಿಗೆ ಸಾಮಾನ್ಯವಾಗಿ ಗೇಜ್ ಇರುವುದಿಲ್ಲ. ಅಳತೆಯಿಲ್ಲದಿದ್ದಾಗ ಯಾರ ಧ್ವನಿ ದೊಡ್ಡದೋ ಅವರ ಓಣಿಗೆ ವಾಲ್ವ್ ತೆರೆದುಕೊಳ್ಳುತ್ತದೆ.

ಅಳತೆಗೆ ಮೂರು ಸರಳ ವಿಧಾನಗಳಿವೆ.

1. ಬಕೆಟ್ ಅಳತೆ: ಗುರುತಿರುವ 10 ಲೀಟರಿನ ಬಕೆಟನ್ನು ನಳದ ಕೆಳಗಿಟ್ಟು ತುಂಬಲು ತಗಲುವ ಸಮಯವನ್ನು ಮೊಬೈಲಿನಲ್ಲಿ ನೋಡುವುದು. 1 ನಿಮಿಷದಲ್ಲಿ ತುಂಬಿದರೆ ಐವರ ಮನೆಯ 275 ಲೀಟರಿಗೆ ಸುಮಾರು 28 ನಿಮಿಷ ಸಾಕು. 4 ನಿಮಿಷ ಹಿಡಿದರೆ ಅದೇ ನೀರಿಗೆ 110 ನಿಮಿಷ ಬೇಕು. ಪೂರೈಕೆಯ ಅವಧಿ 1 ಗಂಟೆಯಷ್ಟೇ ಆಗಿದ್ದರೆ ಆ ಮನೆಗೆ ಅದರ ಪಾಲು ದೊರೆಯುತ್ತಿಲ್ಲವೆಂದೇ ಅರ್ಥ.

2. ಮಟ್ಟದ ಪೈಪಿನ ಅಳತೆ: ಗವಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪನ್ನು ನಳದ ಬಾಯಿಗೆ ಬಿಗಿಯಾಗಿ ಕಟ್ಟಿ, ನೆಟ್ಟಗೆ ಮೇಲಕ್ಕೆ ಹಿಡಿದು ನಳ ತಿರುಗಿಸುವುದು. ನಳದಿಂದ ಎಷ್ಟು ಮೀಟರ್ ಎತ್ತರಕ್ಕೆ ನೀರು ಏರಿ ನಿಲ್ಲುತ್ತದೆಯೋ ಅಷ್ಟೇ ಆ ಸ್ಥಳದ ಒತ್ತಡ. ಅಕ್ಕಪಕ್ಕದ ಮನೆಗಳು ನೀರು ಹಿಡಿಯುತ್ತಿರುವ ಹೊತ್ತಿನಲ್ಲಿಯೇ ಈ ಅಳತೆ ಮಾಡಬೇಕು.

3. ಗೇಜ್: ತೊಟ್ಟಿಯ ಹೊರಹರಿವಿನ ಪೈಪು, ಊರಿನ ನಡುಭಾಗ, ಅತಿ ಎತ್ತರದ ಮನೆ, ಅತಿ ದೂರದ ಮನೆ ಎಂಬ ನಾಲ್ಕು ಕಡೆ ಪ್ರೆಶರ್ ಗೇಜ್ ಅಳವಡಿಸಿ ದಿನಕ್ಕೊಮ್ಮೆ ವಹಿಯಲ್ಲಿ ದಾಖಲಿಸುವುದು. ಮೋಟಾರಿನ ಬೆಲೆಗೆ ಹೋಲಿಸಿದರೆ ಇದರ ವೆಚ್ಚ ಅತ್ಯಲ್ಪ.

ಈ ನಾಲ್ಕು ಅಂಕಿಗಳನ್ನು ಹೋಲಿಸಿದರೆ ದೋಷವಿರುವ ಸ್ಥಳ ತಾನಾಗಿಯೇ ಕಾಣುತ್ತದೆ. ತೊಟ್ಟಿಯ ಬುಡದಲ್ಲಿಯೇ ಒತ್ತಡ ಕಡಿಮೆಯಿದ್ದರೆ ತೊಟ್ಟಿಯ ನೀರಿನ ಮಟ್ಟ ಅಥವಾ ಹೊರಹರಿವಿನ ವಾಲ್ವಿನಲ್ಲಿ ತೊಂದರೆ. ಬುಡದಲ್ಲಿ ಸರಿಯಿದ್ದು ನಡುವಿನಲ್ಲಿ ಕುಸಿದಿದ್ದರೆ ಆ ಎರಡರ ಮಧ್ಯದ ಪೈಪಿನಲ್ಲಿ ತೊಂದರೆ. ನಡುವಿನವರೆಗೆ ಸರಿಯಿದ್ದು ತುದಿಯಲ್ಲಿ ಮಾತ್ರ ಇಲ್ಲದಿದ್ದರೆ ಕೊನೆಯ ಪೈಪಿನ ವ್ಯಾಸ, ಸಿಲುಕಿದ ಗಾಳಿ ಅಥವಾ ನೇರವಾಗಿ ಅಳವಡಿಸಿದ ಮನೆಮೋಟಾರುಗಳನ್ನು ಪರಿಶೀಲಿಸಬೇಕು.

ಒತ್ತಡ ಕುಸಿಯುವ ಆರು ಕಾರಣಗಳು

ಸೋರಿಕೆ: ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮರಳಿನ ಹಾಸಿಲ್ಲದೆ ಹೂಳಿದ ಪೈಪಿನ ಜೋಡಣೆಗಳು ಈ ಎಳೆತಕ್ಕೆ ಸಡಿಲಗೊಳ್ಳುತ್ತವೆ. ಸಿ.ಸಿ. ರಸ್ತೆ ಹಾಗೂ ಗಟಾರದ ಕಾಮಗಾರಿಗಳಲ್ಲಿ ಪೈಪಿಗೆ ಪೆಟ್ಟು ಬೀಳುವುದೂ ಉಂಟು. ಎರೆ ನೆಲದ ಬಿರುಕುಗಳಲ್ಲಿ ಸೋರಿದ ನೀರು ಮೇಲಕ್ಕೆ ಕಾಣಿಸಿಕೊಳ್ಳದೆ ಇಳಿದುಹೋಗಬಹುದು. ಆದ್ದರಿಂದ ‘ಎಲ್ಲಿಯೂ ಒಸರುತ್ತಿಲ್ಲ’ ಎಂಬುದು ಸೋರಿಕೆಯಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ.

ತಲೆಯಿಲ್ಲದ ನಳ: ತಿರುಗಣಿ ಮುರಿದ ಅಥವಾ ಅಳವಡಿಸದೆಯೇ ಬಿಟ್ಟ ನಳವು ಪೂರೈಕೆಯ ಅವಧಿ ಪೂರ್ತಿ ಹರಿಯುತ್ತಿರುತ್ತದೆ. ಇಂತಹ ಹತ್ತು ನಳಗಳು ಒಂದು ಓಣಿಯ ಒತ್ತಡವನ್ನು ಅಳಿಸಿಹಾಕಬಲ್ಲವು. ಅತಿ ಕಡಿಮೆ ವೆಚ್ಚದಲ್ಲಿ ಸರಿಯಾಗುವ ದೋಷವೂ ಇದೇ.

ಮನೆಮೋಟಾರು: ನಳದ ಸಂಪರ್ಕಕ್ಕೆ ನೇರವಾಗಿ ಅರ್ಧ ಎಚ್.ಪಿ. ಮೋಟಾರು ಜೋಡಿಸಿದಾಗ ಅದು ನೆರೆಮನೆಗಳ ನೀರನ್ನೂ ಎಳೆದುಕೊಳ್ಳುತ್ತದೆ. ಒಬ್ಬರನ್ನು ನೋಡಿ ಮತ್ತೊಬ್ಬರು ಅಳವಡಿಸುತ್ತಾರೆ. ಮೋಟಾರು ಕೊಳ್ಳಲಾಗದವರು ಮಾತ್ರ ಉಳಿದುಬಿಡುತ್ತಾರೆ.

ಸಿಲುಕಿದ ಗಾಳಿ: ಪೂರೈಕೆ ನಿಂತಾಗ ಪೈಪು ಖಾಲಿಯಾಗಿ ಗಾಳಿ ಸೇರುತ್ತದೆ. ದಿಬ್ಬದ ಭಾಗದಲ್ಲಿ ಏರ್ ವಾಲ್ವ್ ಇಲ್ಲದಿದ್ದರೆ ಅಥವಾ ಕೆಟ್ಟಿದ್ದರೆ ಆ ಗಾಳಿ ಅಲ್ಲಿಯೇ ನಿಂತು ನೀರಿನ ದಾರಿಯನ್ನು ಕಿರಿದಾಗಿಸುತ್ತದೆ. ನಳದಿಂದ ಬುಸುಗುಟ್ಟುವ ಸದ್ದು, ಬಿಟ್ಟು ಬಿಟ್ಟು ಬರುವ ನೀರು ಇದರ ಲಕ್ಷಣಗಳು. ದೇಗಾಂವದ ಸುತ್ತಲಿನಂತಹ ಏರುತಗ್ಗಿನ ನೆಲದಲ್ಲಿ ಇದನ್ನು ಮೊದಲು ಶಂಕಿಸಬೇಕು.

ಅರೆತೆರೆದ ವಾಲ್ವ್: ದುರಸ್ತಿಗೆಂದು ಮುಚ್ಚಿದ ಸ್ಲೂಸ್ ವಾಲ್ವನ್ನು ಪೂರ್ತಿ ತೆರೆಯದೆ ಬಿಟ್ಟಿರುವುದು, ತಿರುಗಣಿ ಸುತ್ತಿದರೂ ಒಳಗಿನ ತಟ್ಟೆ ಏಳದಿರುವುದು, ವಾಲ್ವಿನ ಚೇಂಬರ್ ಮಣ್ಣಿನಲ್ಲಿ ಹೂತುಹೋಗಿ ಮರೆತೇಹೋಗಿರುವುದು.

ತೊಟ್ಟಿಯ ಮಟ್ಟ: 3 ಮೀಟರ್ ಆಳದ ತೊಟ್ಟಿಯನ್ನು ತುಂಬುವ ಮೊದಲೇ ವಾಲ್ವ್ ತೆರೆದರೆ ಆರಂಭದಲ್ಲಿಯೇ 2-3 ಮೀಟರ್ ಒತ್ತಡ ಕೈತಪ್ಪಿದಂತೆ. ದಿಬ್ಬದ ಮನೆಗಳಿಗೆ ಈ ಅಂತರವೇ ನೀರು ಬರುವುದಕ್ಕೂ ಬಾರದಿರುವುದಕ್ಕೂ ಇರುವ ಅಂತರ.

ರಾತ್ರಿಯ ಪರೀಕ್ಷೆ

ಕಾಣದ ಸೋರಿಕೆಯನ್ನು ಅಳೆಯಲು ರಾತ್ರಿಯ ಪರೀಕ್ಷೆ ಉತ್ತಮ ಸಾಧನ. ಮುಂಚಿತವಾಗಿ ಡಂಗುರ ಸಾರಿಸಿ ಅಥವಾ ಧ್ವನಿವರ್ಧಕದಲ್ಲಿ ತಿಳಿಸಿ, ರಾತ್ರಿ 11ರ ನಂತರ ಎಲ್ಲ ನಳಗಳನ್ನು ಮುಚ್ಚಿಸಬೇಕು. ತೊಟ್ಟಿಗೆ ಒಳಹರಿವನ್ನು ನಿಲ್ಲಿಸಿ, ಹೊರಹರಿವಿನ ವಾಲ್ವನ್ನು ತೆರೆದಿಟ್ಟು, ಪೈಪುಗಳು ತುಂಬಿ ಹರಿವು ನೆಲೆಗೊಂಡ ಬಳಿಕ ಒಂದು ಗಂಟೆಯಲ್ಲಿ ನೀರಿನ ಮಟ್ಟ ಎಷ್ಟು ಇಳಿಯುತ್ತದೆ ಎಂಬುದನ್ನು ನೋಡಬೇಕು. 50,000 ಲೀಟರ್ ಸಾಮರ್ಥ್ಯದ, 3 ಮೀಟರ್ ನೀರಿನ ಆಳದ ತೊಟ್ಟಿಯಲ್ಲಿ ಮಟ್ಟವು ಗಂಟೆಗೆ 10 ಸೆಂಟಿಮೀಟರ್ ಇಳಿದರೆ ಸೋರಿಹೋಗುವುದು ಸುಮಾರು 1,670 ಲೀಟರ್. 8 ಗಂಟೆಗೆ 13,000 ಲೀಟರಿಗೂ ಹೆಚ್ಚು. ಇದು 48 ಮನೆಗಳ ಒಂದು ದಿನದ ಪಾಲು.

ನಂತರ ವಲಯದ ವಾಲ್ವುಗಳನ್ನು ಒಂದೊಂದಾಗಿ ಮುಚ್ಚುತ್ತ ಹೋಗಬೇಕು. ಯಾವ ವಾಲ್ವ್ ಮುಚ್ಚಿದಾಗ ತೊಟ್ಟಿಯ ಮಟ್ಟ ಇಳಿಯುವುದು ನಿಲ್ಲುತ್ತದೆಯೋ ಆ ವಲಯದಲ್ಲಿಯೇ ದೊಡ್ಡ ಸೋರಿಕೆಯಿದೆ. ಇಡೀ ಊರನ್ನು ಅಗೆಯುವ ಬದಲು ಆ ಒಂದು ಓಣಿಯನ್ನು ಶೋಧಿಸಿದರೆ ಸಾಕಾಗುತ್ತದೆ.

ಒತ್ತಡವನ್ನು ಮರಳಿ ತರುವ ಕ್ರಮ

ದುರಸ್ತಿಯ ನಂತರ ಅಥವಾ ಪೈಪು ಪೂರ್ತಿ ಖಾಲಿಯಾದ ನಂತರ ಕೆಳಗಿನ ಕ್ರಮವನ್ನು ಅನುಸರಿಸುವುದು.

1. ತೊಟ್ಟಿ ಪೂರ್ಣವಾಗಿ ತುಂಬುವವರೆಗೆ ಹೊರಹರಿವಿನ ವಾಲ್ವನ್ನು ತೆರೆಯಬಾರದು.

2. ತಗ್ಗಿನ ಭಾಗದ ಸ್ಕೌರ್ ವಾಲ್ವ್ ಅಥವಾ ತುದಿಯ ನಳವನ್ನು ತೆರೆದಿಟ್ಟು, ಮುಖ್ಯ ವಾಲ್ವನ್ನು ಮೊದಲು ಕಾಲುಭಾಗ ಮಾತ್ರ ತೆರೆಯಬೇಕು. ಒಮ್ಮೆಲೇ ತೆರೆದರೆ ಗಾಳಿ ಒತ್ತಿಕೊಂಡು ಹೊಡೆತ ಉಂಟಾಗಿ ಜೋಡಣೆಗಳು ಬಿಚ್ಚಿಕೊಳ್ಳುತ್ತವೆ.

3. ದಿಬ್ಬದ ಏರ್ ವಾಲ್ವಿನಿಂದ ಗಾಳಿ ಹೊರಬಂದು ನೀರು ಕಾಣಿಸಿಕೊಳ್ಳುವವರೆಗೆ ಕಾಯಬೇಕು. ಏರ್ ವಾಲ್ವ್ ಇಲ್ಲದಿದ್ದರೆ ಅತಿ ಎತ್ತರದ ಮನೆಯ ನಳವನ್ನು ತೆರೆದಿಡಬೇಕು.

4. ತುದಿಯಲ್ಲಿ ತಿಳಿನೀರು ಬಂದ ಮೇಲೆ ಸ್ಕೌರ್ ವಾಲ್ವ್ ಮುಚ್ಚಿ, ಮುಖ್ಯ ವಾಲ್ವನ್ನು ನಿಧಾನವಾಗಿ ಪೂರ್ತಿ ತೆರೆಯಬೇಕು.

5. ತೊಟ್ಟಿಯ ಸಮೀಪದ ಹಾಗೂ ತಗ್ಗಿನ ಮನೆಗಳ ಸಂಪರ್ಕದಲ್ಲಿರುವ ಹರಿವು ನಿಯಂತ್ರಣ ವಾಲ್ವನ್ನು ತುಸು ಕಿರಿದುಗೊಳಿಸಿ, ತುದಿಮನೆಯ ಬಕೆಟ್ ಅಳತೆ ಸುಧಾರಿಸುವವರೆಗೆ ಹೊಂದಿಸಬೇಕು.

6. ತುದಿಮನೆಯ ನೀರಿನಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರುವುದನ್ನು ಕ್ಷೇತ್ರ ಪರೀಕ್ಷಾ ಕಿಟ್‌ನಿಂದ ಖಚಿತಪಡಿಸಿಕೊಂಡು ದಾಖಲಿಸಬೇಕು.

ವಾಲ್ವ್ ಚೇಂಬರಿನಲ್ಲಾಗಲಿ ತೊಟ್ಟಿಯಲ್ಲಾಗಲಿ ನೀರುಗಂಟಿಯನ್ನು ಒಬ್ಬನೇ ಇಳಿಸಬಾರದು. ಮೇಲೆ ಮತ್ತೊಬ್ಬರು ನಿಂತಿರಬೇಕು. ಮೋಟಾರಿನ ಪ್ಯಾನೆಲ್ ಬೋರ್ಡನ್ನು ವಿದ್ಯುತ್ ಸಂಪರ್ಕವಿರುವಾಗ ಮುಟ್ಟಬಾರದು.

ತೊಟ್ಟಿಯನ್ನು ಬಿಟ್ಟು ಮೋಟಾರಿನಿಂದ ನೇರವಾಗಿ ಓಣಿಯ ಪೈಪಿಗೆ ನೀರು ನೂಕುವ ಬೈಪಾಸ್ ಪದ್ಧತಿಯನ್ನು ಒತ್ತಡಕ್ಕೆ ಪರಿಹಾರವೆಂದು ಭಾವಿಸಬಾರದು. ಅದರಿಂದ ಹತ್ತಿರದ ಮನೆಗಳಿಗೆ ಅತಿಯಾದ ಒತ್ತಡ ಉಂಟಾಗಿ ಜೋಡಣೆಗಳು ಒಡೆಯುತ್ತವೆ. ವಿದ್ಯುತ್ ನಿಂತ ಕ್ಷಣ ಪೂರೈಕೆಯೂ ನಿಲ್ಲುತ್ತದೆ. ತೊಟ್ಟಿಯಲ್ಲಿ ಕ್ಲೋರಿನ್ ಬೆರೆತು ಕೆಲಸ ಮಾಡಲು ಅವಕಾಶವೇ ಇರುವುದಿಲ್ಲ.

ಅತಿಯಾದ ಒತ್ತಡವೂ ದೋಷವೇ ಎಂಬುದನ್ನು ಈ ನಾಡಿನ ಹಿಂದಿನವರು ಅರಿತಿದ್ದರು. ಆದಿಲ್‌ಶಾಹಿ ಕಾಲದ ವಿಜಯಪುರಕ್ಕೆ ತೊರವಿಯಿಂದಲೂ, 1651ರಲ್ಲಿ ನಿರ್ಮಿತವಾದ ಬೇಗಂ ತಲಾಬಿನಿಂದಲೂ ನೀರು ಹರಿದು ಬರುತ್ತಿತ್ತು. ಮಣ್ಣಿನ ಕೊಳವೆಗಳು ಒಡೆಯದಂತೆ ಒತ್ತಡವನ್ನು ತಗ್ಗಿಸಲು, ಹೂಳು ತಳಕ್ಕಿಳಿಯಲು ದಾರಿಯುದ್ದಕ್ಕೂ ‘ಗಂಜ್’ ಎಂಬ ಕಲ್ಲಿನ ನೀರಗೋಪುರಗಳನ್ನು ಕಟ್ಟಲಾಗಿತ್ತು. ಅವುಗಳಲ್ಲಿ ಕೆಲವು ಇಂದಿಗೂ ನಿಂತಿವೆ. ಒತ್ತಡವನ್ನು ಹೆಚ್ಚಿಸುವುದಕ್ಕಿಂತ ಹಂಚುವುದೇ ಮುಖ್ಯವೆಂಬುದಕ್ಕೆ ಅವು ನಿದರ್ಶನ.

ವಲಯ ಮತ್ತು ಸರದಿ

ಎತ್ತರದ ಹಾಗೂ ತಗ್ಗಿನ ಭಾಗಗಳು ಒಂದೇ ಪೈಪಿನಲ್ಲಿದ್ದರೆ ತಗ್ಗಿನ ಭಾಗವೇ ನೀರನ್ನು ಸೆಳೆದುಕೊಳ್ಳುತ್ತದೆ. ವಾಲ್ವ್ ಹಾಕಿ ಇವನ್ನು ಬೇರೆ ಬೇರೆ ವಲಯಗಳಾಗಿ ವಿಂಗಡಿಸಿ, ತೊಟ್ಟಿ ತುಂಬಿರುವ ನಸುಕಿನ ಹೊತ್ತಿನಲ್ಲಿ ಎತ್ತರದ ವಲಯಕ್ಕೆ ಮೊದಲ ಸರದಿ ಕೊಡುವುದು ಸೂಕ್ತ. ಆದರೆ ವಲಯಗಳ ಸಂಖ್ಯೆ ಹೆಚ್ಚಿ ಪ್ರತಿಯೊಂದರ ಅವಧಿ ತೀರ ಕಿರಿದಾದರೆ, ಮೇಲೆ ಲೆಕ್ಕ ಹಾಕಿದಂತೆ, ಅದೇ ತೊಂದರೆ ಮತ್ತೆ ತಲೆದೋರುತ್ತದೆ. ಎರಡು ಅಥವಾ ಮೂರು ವಲಯಗಳು, ಪ್ರತಿ ವಲಯಕ್ಕೆ ಸಾಧ್ಯವಾದಷ್ಟು ದೀರ್ಘ ಅವಧಿ ಎಂಬುದು ಒಳ್ಳೆಯ ಸೂತ್ರ. ಮೋಟಾರು ನಡೆಯುವ ವೇಳೆಯನ್ನು ಹೆಸ್ಕಾಂನ ವಿದ್ಯುತ್ ವೇಳಾಪಟ್ಟಿಗೆ ಹೊಂದಿಸಿ, ತೊಟ್ಟಿಯು ರಾತ್ರಿಯೇ ತುಂಬಿರುವಂತೆ ನೋಡಿಕೊಳ್ಳಬೇಕು.

ದೀರ್ಘ ಅವಧಿಯ ಪೂರೈಕೆ ನಗರಗಳ ಸೊತ್ತು ಮಾತ್ರವೆಂದು ತಿಳಿಯಬೇಕಿಲ್ಲ. 2008ರಲ್ಲಿ ಬೆಳಗಾವಿ, ಹುಬ್ಬಳ್ಳಿ-ಧಾರವಾಡ ಹಾಗೂ ಕಲಬುರಗಿ ನಗರಗಳ ಆಯ್ದ ವಲಯಗಳಲ್ಲಿ ದಿನದ 24 ಗಂಟೆಯೂ ನೀರು ಪೂರೈಸುವ ಪ್ರಾತ್ಯಕ್ಷಿಕೆ ಆರಂಭವಾಯಿತು. ಅದರ ಆಧಾರ ಮೂರು ಅಂಶಗಳು: ಸೋರಿಕೆಯಿಲ್ಲದ ಪೈಪು, ಪ್ರತಿ ಸಂಪರ್ಕಕ್ಕೆ ಮೀಟರು, ಸದಾ ಉಳಿದಿರುವ ಒತ್ತಡ.

ಆರೋಗ್ಯದ ಪ್ರಶ್ನೆ

ಒತ್ತಡವಿರುವ ಪೈಪಿನಲ್ಲಿ ಬಿರುಕಿದ್ದರೆ ನೀರು ಹೊರಕ್ಕೆ ಸೋರುತ್ತದೆ. ಒತ್ತಡವಿಲ್ಲದ ಪೈಪಿನಲ್ಲಿ ಅದೇ ಬಿರುಕಿನ ಮೂಲಕ ಹೊರಗಿನದು ಒಳಕ್ಕೆ ಬರುತ್ತದೆ. ಮನೆಸಂಪರ್ಕದ ಪೈಪು ಗಟಾರದೊಳಗಿಂದ ಹಾದುಹೋಗಿರುವಲ್ಲಿ, ಅದಕ್ಕೆ ಮೋಟಾರು ಜೋಡಿಸಿ ಎಳೆದಾಗ, ಒಳಬರುವುದು ಗಟಾರದ ನೀರು. ಮಳೆಗಾಲದ ಆರಂಭದಲ್ಲಿ ಕಾಣಿಸಿಕೊಳ್ಳುವ ವಾಂತಿ-ಭೇದಿಗೆ ಇದೊಂದು ದಾರಿ. ಹುಬ್ಬಳ್ಳಿ-ಧಾರವಾಡದಲ್ಲಿ ನಿರಂತರ ಹಾಗೂ ಬಿಟ್ಟು ಬಿಟ್ಟು ಪೂರೈಕೆಯ ಪ್ರದೇಶಗಳ ನಳದ ನೀರನ್ನು ಹೋಲಿಸಿ ನಡೆಸಿ, 2013ರಲ್ಲಿ ಪ್ರಕಟಗೊಂಡ ಅಧ್ಯಯನದಲ್ಲಿ ಬಿಟ್ಟು ಬಿಟ್ಟು ಪೂರೈಕೆಯಾಗುವ ನೀರಿನಲ್ಲಿಯೇ ಮಲಮೂಲದ ಬ್ಯಾಕ್ಟೀರಿಯಾ ಹೆಚ್ಚಾಗಿ ಕಂಡುಬಂದವು. ಆದ್ದರಿಂದ ಗಟಾರದಲ್ಲಿರುವ ಮನೆಪೈಪುಗಳನ್ನು ಮೇಲಕ್ಕೆತ್ತಿ ಸ್ಥಳಾಂತರಿಸುವುದನ್ನು ಸೋರಿಕೆ ದುರಸ್ತಿಯಷ್ಟೇ ತುರ್ತೆಂದು ಪರಿಗಣಿಸಬೇಕು.

ಮನೆಮೋಟಾರಿನ ವಿಷಯದಲ್ಲಿ ದಂಡಕ್ಕಿಂತ ಮೊದಲು ತಿಳಿವಳಿಕೆ ಕೊಡುವುದು ಹಿತ. ಅನೇಕ ಕುಟುಂಬಗಳು ಮೋಟಾರು ಅಳವಡಿಸಿದ್ದು ದುರಾಸೆಯಿಂದಲ್ಲ, ನೀರು ಬಾರದ ಕಾರಣದಿಂದ. ನಳದ ನೀರು ತಾನಾಗಿ ತೊಟ್ಟಿಗೆ ಅಥವಾ ಸಂಪಿಗೆ ಬಿದ್ದ ಮೇಲೆ ಅಲ್ಲಿಂದ ಮಾಳಿಗೆಗೆ ಏರಿಸಲು ಮೋಟಾರು ಬಳಸುವುದರಲ್ಲಿ ದೋಷವಿಲ್ಲ. ಪೈಪಿಗೆ ನೇರವಾಗಿ ಜೋಡಿಸುವುದು ಮಾತ್ರ ತಪ್ಪು. ಈ ವ್ಯತ್ಯಾಸವನ್ನು ಗ್ರಾಮಸಭೆಯಲ್ಲಿ ವಿವರಿಸಿ, ಒತ್ತಡ ಸುಧಾರಿಸಿದ್ದನ್ನು ಅಳತೆಯಿಂದ ತೋರಿಸಿ, ಕಾಲಾವಕಾಶ ಕೊಟ್ಟು, ಆ ಬಳಿಕವೂ ಮುಂದುವರಿದರೆ ನಿಯಮಾನುಸಾರ ಕ್ರಮ ಕೈಗೊಳ್ಳುವುದು.

ಸದಸ್ಯರು ಮಾಡಬೇಕಾದದ್ದು

ವಾಲ್ವ್ ತಿರುಗಿಸುವುದು ನೀರುಗಂಟಿಯ ಕೆಲಸ. ಅದರಲ್ಲಿ ಸದಸ್ಯರು ಕೈಹಾಕಿದರೆ ಸರದಿ ತಪ್ಪಿ ಮತ್ತೊಂದು ಓಣಿಗೆ ಅನ್ಯಾಯವಾಗುತ್ತದೆ. ಸದಸ್ಯರ ಕೆಲಸ ಸರಿಯಾದ ಪ್ರಶ್ನೆ ಕೇಳುವುದು ಹಾಗೂ ಉತ್ತರವನ್ನು ನಡವಳಿಯಲ್ಲಿ ದಾಖಲಿಸುವುದು. ಕುಡಿಯುವ ನೀರಿಗೆ ಸಂಬಂಧಿಸಿ ವೆಚ್ಚದ ಪ್ರಸ್ತಾವ ಸಭೆಯ ಮುಂದೆ ಬಂದಾಗಲೆಲ್ಲ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು.

1. ತೊಟ್ಟಿಯ ಬುಡ, ನಡುಭಾಗ, ಅತಿ ಎತ್ತರ, ಅತಿ ದೂರ: ಈ ನಾಲ್ಕು ಕಡೆಯ ಒತ್ತಡದ ಅಂಕಿಗಳೇನು?

2. ಕಳೆದ ಮೂರು ತಿಂಗಳಲ್ಲಿ ರಾತ್ರಿಯ ಸೋರಿಕೆ ಪರೀಕ್ಷೆ ನಡೆದಿದೆಯೇ? ಫಲಿತಾಂಶವೇನು?

3. ತಿರುಗಣಿಯಿಲ್ಲದ ನಳಗಳು ಹಾಗೂ ಗಟಾರದಲ್ಲಿ ಹಾದಿರುವ ಸಂಪರ್ಕಗಳು ಎಷ್ಟು? ವಾರ್ಡುವಾರು ಪಟ್ಟಿಯಿದೆಯೇ?

4. ಪ್ರತಿ ವಲಯಕ್ಕೆ ನೀರು ಬಿಡುವ ಅವಧಿ ಎಷ್ಟು? ಅದನ್ನು ಹೆಚ್ಚಿಸಿ ನೋಡಲಾಗಿದೆಯೇ?

5. ವಾಲ್ವುಗಳು, ಏರ್ ವಾಲ್ವುಗಳು ಹಾಗೂ ಪೈಪಿನ ವ್ಯಾಸವನ್ನು ತೋರಿಸುವ ಊರಿನ ನಕ್ಷೆ ಪಂಚಾಯತಿಯಲ್ಲಿದೆಯೇ?

ಈ ಐದಕ್ಕೂ ಉತ್ತರ ದೊರೆತ ನಂತರವೂ ಒತ್ತಡ ಸಾಲದಿದ್ದರೆ, ಆಗ ಪೈಪಿನ ವ್ಯಾಸ ಹೆಚ್ಚಿಸುವ, ಪ್ರತ್ಯೇಕ ತೊಟ್ಟಿ ಕಟ್ಟುವ ಅಥವಾ ಜಲಮೂಲ ಹೆಚ್ಚಿಸುವ ಪ್ರಸ್ತಾವವನ್ನು ಅಂಕಿಗಳೊಂದಿಗೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಎಂಜಿನಿಯರುಗಳಿಗೆ ಸಲ್ಲಿಸುವುದು. ಅಳತೆಯ ದಾಖಲೆಯಿರುವ ಪ್ರಸ್ತಾವಕ್ಕೆ ತಾಂತ್ರಿಕ ಪರಿಶೀಲನೆ ಸುಲಭವಾಗುತ್ತದೆ. ಹಾಗಿಲ್ಲದ ಪ್ರಸ್ತಾವದಲ್ಲಿ ಹಣ ವೆಚ್ಚವಾಗಿಯೂ ದೂರು ಉಳಿಯುವ ಸಂಭವವಿರುತ್ತದೆ.

ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕೆಂಬುದು ಜಲ ಜೀವನ ಮಿಷನ್ ಮಾರ್ಗಸೂಚಿಯ ಆಶಯ. ಬಕೆಟ್ ಅಳತೆಯ ಹೊಣೆಯನ್ನು ಅವರಿಗೇ, ಅದರಲ್ಲಿಯೂ ತುದಿಯ ಓಣಿಯ ಪ್ರತಿನಿಧಿಗಳಿಗೆ ವಹಿಸುವುದು ಸೂಕ್ತ. ನೀರಿಗಾಗಿ ಕಾಯುವವರ ಕೈಯಲ್ಲಿಯೇ ಅಳತೆಯ ವಹಿಯಿದ್ದರೆ ಅಂಕಿಗಳು ನಿಜವಾಗಿರುತ್ತವೆ.

ಊರಿನ ನೀರು ಪೂರೈಕೆ ಸರಿಯಾಗಿದೆಯೇ ಎಂಬುದನ್ನು ತೊಟ್ಟಿಯ ಬಳಿ ನಿಂತು ನಿರ್ಧರಿಸಲಾಗದು. ಕೊನೆಯ ಮನೆಯ ಅಂಗಳದಲ್ಲಿ ಬಕೆಟ್ ಎಷ್ಟು ನಿಮಿಷಕ್ಕೆ ತುಂಬುತ್ತದೆ ಎಂಬುದೇ ಅದರ ಉತ್ತರ. ಪ್ರತಿ ಸದಸ್ಯರೂ ಮುಂದಿನ ಸಾಮಾನ್ಯ ಸಭೆಗೆ ಬರುವ ಮುನ್ನ ತಮ್ಮ ವಾರ್ಡಿನ ಕೊನೆಯ ಮನೆಯಲ್ಲಿ ಆ ಒಂದು ಅಂಕಿಯನ್ನು ಬರೆದುಕೊಂಡು ಬರುವುದು.